ದೂರದರ್ಶನಕ್ಕೆ ಬರೆಯುವ ಬಗೆ

ನಮ್ಮ ಕಾಫಿ ತೋಟಗಳಲ್ಲಿ ‘ರೈಟರು’ ಎಂಬ ಮಾತಿಗೆ ಒಂದೇ ಅರ್ಥ. ಆಳುಗಳ ಹಾಜರಿ ಬರೆದುಕೊಂಡು, ಕೊಯ್ದ ಹಣ್ಣಿನ ತೂಕ ನೋಡಿ, ಬಟವಾಡೆಯ ಲೆಕ್ಕ ಒಪ್ಪಿಸುವವರೇ ರೈಟರು. ಆದುದರಿಂದ, ಬಿ.ಎ. ಮುಗಿದ ಮೇಲೆ ರೈಟರಾಗಬೇಕೆಂದಿದ್ದೇನೆ ಎಂದು ನಾನು ಹೇಳಿದಾಗ ನಮ್ಮವ್ವನಿಗೆ ಸಂತೋಷವೇ ಆಯಿತು. “ಯಾವ ತೋಟದಲ್ಲಿ ಮಗಾ?” ಎಂದು ಕೇಳಿದಳು. ಟಿ.ವಿ. ಧಾರಾವಾಹಿಗೆ ಬರೆಯುವ ರೈಟರು ಎಂದು ವಿವರಿಸಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, “ಅದನ್ನೂ ಯಾರಾದರೂ ಬರೀತಾರಾ? ಅವರವರೇ ಮಾತಾಡ್ತಾರಲ್ಲ!” ಎಂದಳು.

ಅವ್ವನ ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಓದಿ, ಕೇಳಿ, ಸೋತು ತಿಳಿದುಕೊಂಡ ಕೆಲವು ಸಂಗತಿಗಳನ್ನು ಸಹಪಾಠಿ ಮಿತ್ರರ ಹಾಗೂ ಅಧ್ಯಾಪಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಸ್ಫೂರ್ತಿಯ ಮಾತು. ಕೊಡಗಿನಲ್ಲಿ ಹುಟ್ಟಿದವರಿಗೆ ಸ್ಫೂರ್ತಿಗೇನು ಕೊರತೆ, ಬೆಟ್ಟವಿದೆ, ಮಂಜಿದೆ, ಕಾವೇರಿಯಿದೆ ಎಂದು ಹೊರಗಿನವರು ಹೇಳುವುದುಂಟು. ನಾನೂ ಅದನ್ನು ನಂಬಿ ಒಮ್ಮೆ ತಡಿಯಂಡಮೋಳ್ ಬೆಟ್ಟ ಹತ್ತಿ, ನೋಟುಬುಕ್ಕು ಬಿಡಿಸಿ ಕುಳಿತೆ. ಹಾಳೆಯ ಮೇಲೆ ಜಿಗಣೆ ಕಚ್ಚಿದ ರಕ್ತದ ಕಲೆಯೊಂದು ಬಿಟ್ಟರೆ ಬೇರೇನೂ ಮೂಡಲಿಲ್ಲ. ನಮ್ಮವರೇ ಆದ ಕೊಡಗಿನ ಗೌರಮ್ಮನವರು ಹೀಗೆ ಬೆಟ್ಟ ಹತ್ತಿ ಬರೆದವರಲ್ಲ. 1912ರಲ್ಲಿ ಹುಟ್ಟಿ, 1939ರಲ್ಲಿ, ಮೂವತ್ತೂ ತುಂಬದ ಪ್ರಾಯದಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡ ಆಕೆ, ಸಂಸಾರದ ಕೆಲಸಗಳ ನಡುವೆ ಹೆಣ್ಣುಮಕ್ಕಳ ಬಾಳನ್ನು ಕುರಿತು ಸಣ್ಣಕತೆಗಳನ್ನು ಬರೆದರು. ‘ಕಂಬನಿ’ ಸಂಕಲನ ಹೊರಬಂದುದು ಅವರ ಕಾಲಾನಂತರ. ಮಳೆ, ಮಂಜು ಅವರ ಬಾಗಿಲಲ್ಲೇ ಇದ್ದುವು; ಅವರು ಕಿವಿಗೊಟ್ಟುದು ಮಾತ್ರ ಒಳಮನೆಯ ಮಾತಿಗೆ.

ನನಗೆ ಈ ಪಾಠ ಕಲಿಸಿದುದು ಕಕ್ಕಡ ತಿಂಗಳ ಮಳೆ. ಮರ ಬಿದ್ದು ತಂತಿ ಹರಿದರೆ ನಮ್ಮ ಲೈನ್ ಮನೆಗಳಿಗೆ ನಾಲ್ಕೈದು ದಿನ ಕರೆಂಟಿರುವುದಿಲ್ಲ. ರಾತ್ರಿಯ ಧಾರಾವಾಹಿ ತಪ್ಪಿಹೋಗುತ್ತದೆ. ಹೆಂಗಸರು ಅದಕ್ಕಾಗಿ ಕೊರಗುತ್ತ ಕೂರುವವರಲ್ಲ. ಒಂದು ಮನೆಯ ಒಲೆಯ ಮುಂದೆ ಸೇರಿ ತಪ್ಪಿದ ಕಂತನ್ನು ತಾವೇ ಕಟ್ಟುತ್ತಾರೆ. “ಇವತ್ತು ಸೊಸೆ ತವರಿಗೆ ಹೊರಟಿರ್ತಾಳೆ,” ಎನ್ನುತ್ತಾಳೆ ಒಬ್ಬಾಕೆ. “ಹೋಗೋಕೆ ದುಡ್ಡೆಲ್ಲಿ? ಬಳೆ ಅತ್ತೆ ಹತ್ರ ಅಲ್ವಾ ಇರೋದು?” ಎಂದು ಇನ್ನೊಬ್ಬಾಕೆ ತಡೆಯುತ್ತಾಳೆ. ಮಲೆಯಾಳ ಬೆರೆಸಿ ಒಬ್ಬಾಕೆ, ತುಳು ಬೆರೆಸಿ ಒಬ್ಬಾಕೆ, ತಮಿಳು ಬೆರೆಸಿ ಮತ್ತೊಬ್ಬಾಕೆ. ಕತೆ ಮಾತ್ರ ಎಲ್ಲರದೂ ಒಂದೇ. ಕರೆಂಟು ಬಂದ ಮೇಲೆ ನೋಡಿದರೆ ಟಿ.ವಿ.ಯ ಕತೆ ಒಲೆಯ ಮುಂದಿನ ಕತೆಗಿಂತ ಸಪ್ಪೆ! ಅವರಲ್ಲಿ ಯಾರೂ ಮನೆಯ ಅಂದವನ್ನಾಗಲಿ ಸೀರೆಯ ಬಣ್ಣವನ್ನಾಗಲಿ ವರ್ಣಿಸಲಿಲ್ಲವೆಂಬುದನ್ನು ನಾನು ಗಮನಿಸಿದೆ. ಇವಳಿಗೆ ಏನು ಬೇಕು, ಯಾರು ಅಡ್ಡ ಬರುತ್ತಾರೆ, ಸೋತರೆ ಏನು ಕಳೆದುಕೊಳ್ಳುತ್ತಾಳೆ, ಇಷ್ಟೇ ಅವರ ಚರ್ಚೆ. ಚಿತ್ರಕತೆ ಎಂಬುದರ ತಿರುಳು ಇದೇ ಎಂದು ನನಗೆ ಆಮೇಲೆ ಪುಸ್ತಕಗಳಿಂದ ತಿಳಿಯಿತು.

ನಮ್ಮ ದೇಶದಲ್ಲಿ ದೂರದರ್ಶನ ಪ್ರಸಾರ ದೆಹಲಿಯಲ್ಲಿ ಮೊದಲಾದುದು 1959ರ ಸೆಪ್ಟೆಂಬರ್ 15ರಂದು. ಕನ್ನಡಿಗರ ಮನಸ್ಸಿನಲ್ಲಿ ಇಂದಿಗೂ ಉಳಿದಿರುವ ‘ಮಾಲ್ಗುಡಿ ಡೇಸ್’ 1986ರಿಂದ ಪ್ರಸಾರವಾಯಿತು. ಭಾಷೆ ಹಿಂದಿ ಮತ್ತು ಇಂಗ್ಲಿಷ್ ಆಗಿದ್ದರೂ ನಿರ್ದೇಶಕರು ನಮ್ಮ ಶಂಕರ್‌ನಾಗ್. ಆರ್.ಕೆ. ನಾರಾಯಣರು ಕಲ್ಪಿಸಿದ, ಯಾವ ನಕ್ಷೆಯಲ್ಲೂ ಇಲ್ಲದ ಊರನ್ನು ಅವರು ಆಗುಂಬೆಯಲ್ಲಿ ಕಂಡುಕೊಂಡರು. ಬಳಿಕ 1998ರಲ್ಲಿ ‘ಮಾಯಾಮೃಗ’ ಬಂದಿತು. ಟಿ.ಎನ್. ಸೀತಾರಾಂ ಅವರು ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರೊಡನೆ ಸೇರಿ ನಿರ್ದೇಶಿಸಿದ ಧಾರಾವಾಹಿ ಇದು. ಸೀತಾರಾಂ ಕಾನೂನು ಓದಿದವರು, ‘ಆಸ್ಫೋಟ’ದಂಥ ನಾಟಕ ಬರೆದವರು. ಅವರ ಧಾರಾವಾಹಿಗಳ ನ್ಯಾಯಾಲಯದ ದೃಶ್ಯಗಳು ಮನೆಮಾತಾದುದು ಸುಮ್ಮನೆ ಅಲ್ಲ. ತಾವು ಬಲ್ಲ ಲೋಕವನ್ನು ಅವರು ತೆರೆಗೆ ತಂದರು. ತೋಟದ ತೂಕದ ಸಾಲನ್ನು ಬಲ್ಲವರು ಅದನ್ನು ತರಬಾರದೇಕೆ? ತೆರೆಯ ಮೇಲಿನ ಕೊಡಗಿನಲ್ಲಿ ಬಂಗಲೆಯಿದೆ, ಜೀಪಿದೆ, ಕೋವಿಯಿದೆ. ಲೈನ್ ಮನೆಯನ್ನು ನಾನು ಕಂಡುದು ಅಪರೂಪ.

ಇನ್ನು ಕೆಲಸದ ಸ್ವರೂಪ. ಅರ್ಧ ಗಂಟೆಯ ಧಾರಾವಾಹಿಯಲ್ಲಿ ಜಾಹೀರಾತು ಕಳೆದರೆ ಸುಮಾರು ಇಪ್ಪತ್ತು ನಿಮಿಷದ ಕತೆ ಉಳಿಯುತ್ತದೆ. ವಾರಕ್ಕೆ ಆರು ಕಂತೆಂದರೆ ಎರಡು ಗಂಟೆ. ಹೆಚ್ಚುಕಡಮೆ ವಾರಕ್ಕೊಂದು ಸಿನಿಮಾ! ಒಬ್ಬರ ಕೈಯಲ್ಲಿ ಆಗುವ ಮಾತಲ್ಲ. ಆದುದರಿಂದ ಕತೆ ಒಬ್ಬರದು, ಅದನ್ನು ದೃಶ್ಯಗಳಾಗಿ ಒಡೆಯುವ ಚಿತ್ರಕತೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು ಆಗಿರುವುದು ಸಾಮಾನ್ಯ. ಪ್ರತಿ ದೃಶ್ಯಕ್ಕೂ ಸಂಖ್ಯೆ, ಒಳಗೋ ಹೊರಗೋ, ಹಗಲೋ ರಾತ್ರಿಯೋ, ಯಾರು ಯಾರು ಇದ್ದಾರೆ ಎಂಬುದನ್ನು ಮೊದಲೇ ಬರೆಯಬೇಕು. ಖರ್ಚಿನ ದೃಷ್ಟಿಯಿಂದ ನಾಲ್ಕಾರು ಸ್ಥಳಗಳಲ್ಲೇ ಕತೆ ಸುತ್ತಬೇಕು. ಹೊಸಬರಿಗೆ ತೆರೆದಿರುವ ಬಾಗಿಲು ಹೆಚ್ಚಾಗಿ ಸಂಭಾಷಣಕಾರರ ಅಥವಾ ನಿರ್ದೇಶಕರ ಸಹಾಯಕನ ಕೆಲಸ.

ಇದಾವುದೂ ತಿಳಿಯದ ದಿನಗಳಲ್ಲಿ ನಾನು ಹತ್ತು ಪುಟದ ಕತೆಯೊಂದನ್ನು ಬೆಂಗಳೂರಿನ ಒಂದು ನಿರ್ಮಾಣ ಸಂಸ್ಥೆಗೆ ಕಳುಹಿಸಿದ್ದೆ. ಉತ್ತರವೇ ಬರಲಿಲ್ಲ. ಬೇಸರದಿಂದ ಅದನ್ನೇ ದೃಶ್ಯವಾಗಿ ತಿದ್ದಿ ನಮ್ಮ ಕನ್ನಡ ಅಧ್ಯಾಪಕರಿಗೆ ತೋರಿಸಿದೆ. ಅವರು ಏನೂ ಹೇಳದೆ, ತರಗತಿಯ ಐವರಿಗೆ ಒಂದೊಂದು ಪಾತ್ರ ಹಂಚಿ ಗಟ್ಟಿಯಾಗಿ ಓದಿಸಿದರು. ಎರಡು ನಿಮಿಷವಾಗುವಷ್ಟರಲ್ಲಿ ನನ್ನ ಕಿವಿ ಕೆಂಪಾಯಿತು. ತೋಟದ ಯಜಮಾನ, ಮೇಸ್ತ್ರಿ, ಅಜ್ಜಿ, ಹತ್ತು ವರ್ಷದ ಹುಡುಗಿ, ಎಲ್ಲರೂ ಒಂದೇ ದನಿಯಲ್ಲಿ ಭಾಷಣ ಮಾಡುತ್ತಿದ್ದರು. “ಅಲ್ಲಯ್ಯಾ, ಇವರೆಲ್ಲ ನಿನ್ನ ಹಾಗೇ ಮಾತಾಡ್ತಾರಲ್ಲ!” ಎಂದರು ಗುರುಗಳು. ಒಲೆಯ ಮುಂದೆ ಅಷ್ಟು ವರ್ಷ ಕುಳಿತಿದ್ದೂ ನಾನು ಕೇಳಿಸಿಕೊಂಡಿರಲಿಲ್ಲ! ಅಂದಿನಿಂದ ತೂಕದ ಹೊತ್ತಿನಲ್ಲಿ ಯಾರು ಯಾವ ಮಾತನ್ನು ಅರ್ಧಕ್ಕೇ ನುಂಗುತ್ತಾರೆ ಎಂಬುದನ್ನು ಬರೆದಿಡುತ್ತಿದ್ದೇನೆ.

ಕತೆ ಕಳ್ಳತನವಾದರೇನು ಗತಿ ಎಂದು ಮಿತ್ರರು ಕೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯಿದೆ ರಕ್ಷಿಸುವುದು ಬರೆದ ಬರಹವನ್ನು, ಬರಿಯ ಕಲ್ಪನೆಯನ್ನಲ್ಲ. ತಮ್ಮ ನಾಟಕದಿಂದ ಸಿನಿಮಾ ಮಾಡಿಕೊಂಡರೆಂದು ಆರ್.ಜಿ. ಆನಂದ್ ಎಂಬ ನಾಟಕಕಾರರು ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ಇದನ್ನೇ ಸ್ಪಷ್ಟಪಡಿಸಿತು, ಆನಂದರಿಗೆ ಸೋಲಾಯಿತು. ಆದುದರಿಂದ ‘ನನ್ನಲ್ಲೊಂದು ಒಳ್ಳೆಯ ಐಡಿಯಾ ಇದೆ’ ಎಂದು ಊರೆಲ್ಲ ಹೇಳಿಕೊಂಡು ತಿರುಗುವುದಕ್ಕಿಂತ, ಮೂರು ಕಂತನ್ನು ಪೂರ್ತಿ ಬರೆದು, ದಿನಾಂಕ ಹಾಕಿ, ಪ್ರತಿಯೊಂದನ್ನು ಇಟ್ಟುಕೊಂಡು ಹೋಗುವುದು ಲೇಸು. ಹಾಗೆ ಬರೆದವನಿಗೆ ಕೆಲಸ ಬರುತ್ತದೆಯೋ ಇಲ್ಲವೋ ಎಂಬುದನ್ನು ನೋಡುವವನಿಗೂ ಅದೇ ಅನುಕೂಲ.

ನಮ್ಮ ತೋಟದಲ್ಲಿ ಈಗ ರೈಟರ ಕೆಲಸವೊಂದು ಖಾಲಿಯಾಗಿದೆ. ಪರೀಕ್ಷೆ ಮುಗಿದ ಕೂಡಲೇ ಸೇರಬೇಕೆಂದು ಅವ್ವನ ಹಟ. ಬೇಡವೆನ್ನಲು ನನಗೆ ಬಾಯಿಲ್ಲ, ತಂಗಿ ಇನ್ನೂ ಪಿ.ಯು.ಸಿ. ಒಂದು ವರ್ಷ ಹಾಜರಿ ಬರೆಯುತ್ತೇನೆ, ಅಷ್ಟರಲ್ಲಿ ಮೂರು ಕಂತನ್ನೂ ಮುಗಿಸಿ ಬೆಂಗಳೂರಿಗೆ ಹೋಗುತ್ತೇನೆ ಎಂದು ಒಪ್ಪಿಸಿದ್ದೇನೆ. ಅಲ್ಲಿ ಸಂಬಳ ಹೇಗೆ ಎಂದು ಕೇಳಿದಳು. ಸಾಮಾನ್ಯವಾಗಿ ಕಂತಿಗೆ ಇಷ್ಟೆಂದು ಕೊಡುತ್ತಾರೆ ಎಂದೆ.

“ಹಾಗಾದ್ರೆ ಅದೂ ಹಣ್ಣು ಕೊಯ್ದ ಹಾಗೇ, ಕೇಜಿ ಲೆಕ್ಕ,” ಎಂದು ಅವ್ವ ಒಲೆಗೆ ಸೌದೆ ಒಟ್ಟಿದಳು.