ಅರೆತಲೆನೋವು ಮತ್ತು ವಂಶವಾಹಿ

"ಅಮ್ಮನಿಗಿತ್ತು, ಈಗ ಮಗಳಿಗೂ ಶುರುವಾಗಿದೆ." ಅರೆತಲೆನೋವಿನ, ಅಂದರೆ ಮೈಗ್ರೇನಿನ ಬಗ್ಗೆ ಹಲವು ಮನೆಗಳಲ್ಲಿ ಕೇಳಿಬರುವ ಮಾತಿದು. ಕತ್ತಲೆ ಕೋಣೆಯಲ್ಲಿ ಮಲಗಿದವರನ್ನು "ಕೆಲಸ ತಪ್ಪಿಸಲು ನೆವ" ಎಂದು ಆಡಿಕೊಳ್ಳುವವರೂ ಇದ್ದಾರೆ. ಇದು ನೆವವಲ್ಲ, ನರಗಳ ಕಾಯಿಲೆ.

ತೆಂಗು, ಅಡಿಕೆಗೆ ಹಾಕುವ ಪೊಟ್ಯಾಷ್ ಗೊಬ್ಬರದಲ್ಲಿರುವ ಪೊಟ್ಯಾಸಿಯಂ ನಮ್ಮ ದೇಹದಲ್ಲೂ ಇದೆ. ನರಕೋಶದ ಹೊರಗಿಗಿಂತ ಒಳಗೆ ಅದು ಹೆಚ್ಚು. ಕೋಶದ ಪೊರೆಯಲ್ಲಿರುವ ಕೆಲವು ಪ್ರೋಟೀನುಗಳು ಬಸಿಗಾಲುವೆಯಂತೆ ಪೊಟ್ಯಾಸಿಯಂ ಅನ್ನು ಹೊರಬಿಟ್ಟು ನರವನ್ನು ಶಾಂತವಾಗಿಡುತ್ತವೆ. ಅಂಥದೊಂದರ ಹೆಸರು ಟ್ರೆಸ್ಕ್. ಮುಖ ಮತ್ತು ತಲೆಯ ನೋವನ್ನು ಮಿದುಳಿಗೆ ತಿಳಿಸುವ ನರಕೋಶಗಳಲ್ಲಿ ಇದು ಇದೆ. ಬಸಿಗಾಲುವೆ ಕಟ್ಟಿದ ತೋಟದಲ್ಲಿ ಸಣ್ಣ ಮಳೆಗೂ ನೀರು ನಿಲ್ಲುವುದಿಲ್ಲವೇ? ಹಾಗೆಯೇ ಈ ದಾರಿ ಕೆಟ್ಟರೆ ಅಲ್ಪ ಕಾರಣಕ್ಕೂ ನರ ಕೆರಳುತ್ತದೆ.

2010ರಲ್ಲಿ ಮಾಂಟ್ರಿಯಲ್ ಹಾಗೂ ಆಕ್ಸ್‌ಫರ್ಡಿನ ವಿಜ್ಞಾನಿಗಳು ಒಂದು ದೊಡ್ಡ ಕುಟುಂಬದ ವಿಷಯ ಪ್ರಕಟಿಸಿದರು. ಅಲ್ಲಿ ಮೈಗ್ರೇನ್ ಇದ್ದವರ ಟ್ರೆಸ್ಕ್ ವಂಶವಾಹಿಯಲ್ಲಿ ಎರಡು ಅಕ್ಷರಗಳು ಬಿಟ್ಟುಹೋಗಿದ್ದವು. ಇದರಿಂದ ಪ್ರೋಟೀನು ಅರ್ಧಕ್ಕೇ ನಿಂತು ಕೆಲಸ ಮಾಡುತ್ತಿರಲಿಲ್ಲ. ಆದರೆ ಟ್ರೆಸ್ಕನ್ನು ಕೆಡಿಸುವ ಬೇರೊಂದು ಬದಲಾವಣೆ ಮೈಗ್ರೇನ್ ಇಲ್ಲದವರಲ್ಲೂ ಕಂಡುಬಂತು! 2019ರಲ್ಲಿ ಇದಕ್ಕೆ ಉತ್ತರ ದೊರೆಯಿತು. ಆ ಕುಟುಂಬದ ದೋಷದಿಂದ ಇನ್ನೊಂದು ತುಂಡು ಪ್ರೋಟೀನು ಹುಟ್ಟಿ, ಟ್ರೆಕ್ ಎಂಬ ಬೇರೆ ಪೊಟ್ಯಾಸಿಯಂ ದಾರಿಗಳನ್ನೂ ತಡೆಯುತ್ತದೆ.

ಇಂಥ ದೋಷ ತಂದೆ ಅಥವಾ ತಾಯಿಯಲ್ಲಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ಆದರೆ ಇಂಥ ಕುಟುಂಬಗಳು ವಿರಳ. ಹೆಚ್ಚಿನವರಲ್ಲಿ ಅನೇಕ ವಂಶವಾಹಿಗಳು ಸ್ವಲ್ಪ ಸ್ವಲ್ಪವಾಗಿ ಸೇರಿ ಮೈಗ್ರೇನ್ ಬರುತ್ತದೆ. ಆದ್ದರಿಂದ ಯಾರ ವಂಶವನ್ನೂ ದೂರಬೇಕಾಗಿಲ್ಲ. ಪೊಟ್ಯಾಸಿಯಂ ಮಾತ್ರೆ ನುಂಗಿದರೆ ಇದು ಗುಣವಾಗುವುದೂ ಇಲ್ಲ. ವೈದ್ಯರು ಹೇಳದೆ ನುಂಗಿದರೆ ಹೃದಯಕ್ಕೇ ಅಪಾಯ.

ನಾವು ಮಾಡಬೇಕಾದದ್ದು:

1. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಮಾಡಿ. ಬಿಸಿಲಲ್ಲಿ ದುಡಿಯುವಾಗ ತಲೆಗೆ ಮುಂಡಾಸು ಇರಲಿ, ನೀರು ಕುಡಿಯುತ್ತಿರಿ.

2. ನೋವು ಬಂದ ದಿನ, ಅದಕ್ಕೆ ಮುಂಚೆ ಏನಾಯಿತು ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ ವೈದ್ಯರಿಗೆ ತೋರಿಸಿ.

3. ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳಲ್ಲಿ ಹತ್ತು ಹದಿನೈದು ದಿನ ನುಂಗುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಹೆಚ್ಚುತ್ತದೆ. ನೋವು ಪದೇ ಪದೇ ಬರುವುದನ್ನು ತಡೆಯುವ ಔಷಧಿಗಳಿವೆ, ಕೇಳಿ ಪಡೆಯಿರಿ.

4. ನೋವಿಗೆ ಮುಂಚೆ ಕಣ್ಣೆದುರು ಮಿಂಚು, ಅಂಕುಡೊಂಕು ಗೆರೆ ಕಾಣುವ ಹೆಂಗಸರು ಗರ್ಭನಿರೋಧಕ ಮಾತ್ರೆ ಸೇವಿಸುವುದಿದ್ದರೆ ಮೊದಲು ವೈದ್ಯರಿಗೆ ತಿಳಿಸಬೇಕು. ಕೆಲವು ಬಗೆಯ ಮಾತ್ರೆಗಳಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

5. ಸಿಡಿಲು ಬಡಿದಂತೆ ಹಠಾತ್ತನೆ ಬಂದ ನೋವು, ಜ್ವರದೊಡನೆ ಕುತ್ತಿಗೆ ಬಿಗಿತ, ಮಾತು ತೊದಲುವುದು, ಕೈಕಾಲು ಬಲಗುಂದುವುದು ಕಂಡರೆ "ಮಾಮೂಲಿ ತಲೆನೋವು" ಎಂದು ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯಲ್ಲಿ ಒಬ್ಬರಿಗೆ ಅರೆತಲೆನೋವು ಬಂದ ದಿನ ಅವರ ಕೆಲಸವನ್ನು ಉಳಿದವರು ಹಂಚಿಕೊಳ್ಳೋಣ. ಕತ್ತಲೆ, ಮೌನ, ವಿಶ್ರಾಂತಿ ಅವರಿಗೆ ಬೇಕಾದ ಆರೈಕೆ.