ಗಣಕಯಂತ್ರದ ಹಿಂದಿನ ಕಾಯಕ

ದೇವಾಲಯವನ್ನು ದೂರದಿಂದ ಕಂಡವರು ಗೋಪುರದ ಕಲಶಕ್ಕೆ ಕೈಮುಗಿಯುತ್ತಾರೆ. ನೆಲದೊಳಗೆ ಹುದುಗಿ ಇಡೀ ಭಾರವನ್ನು ಹೊತ್ತಿರುವ ತಳಪಾಯದ ಕಲ್ಲನ್ನು ನೆನೆಯುವವರು ವಿರಳ. ವಿದ್ಯಾಸಂಸ್ಥೆಗಳ ವಿಷಯವೂ ಇದಕ್ಕೆ ಹೊರತಲ್ಲ. ವಿಶ್ವವಿದ್ಯಾಲಯವೆಂದೊಡನೆ ಕುಲಪತಿಗಳು, ಪ್ರಾಧ್ಯಾಪಕರು, ಸಂಶೋಧಕರು, ಪದವಿಯ ನಿಲುವಂಗಿ ತೊಟ್ಟ ವಿದ್ಯಾರ್ಥಿಗಳು ನಮ್ಮ ಕಣ್ಣ ಮುಂದೆ ನಿಲ್ಲುತ್ತಾರೆ. ಆದರೆ ಇವರೆಲ್ಲರ ಕೆಲಸವೂ ಅಡಚಣೆಯಿಲ್ಲದೆ ಸಾಗುವಂತೆ ನೋಡಿಕೊಳ್ಳುವ ಮತ್ತೊಂದು ವರ್ಗ ಅಲ್ಲಿ ದುಡಿಯುತ್ತಿದೆ. ಅವರೇ ಗಣಕ ಸಹಾಯಕರು. ಅವರ ಕೆಲಸ ಎಂತಹುದು, ಅದಕ್ಕೆ ಹೋಗುವ ದಾರಿ ಯಾವುದು, ಅದನ್ನು ಚೆನ್ನಾಗಿ ಮಾಡಲು ಯಾವ ಗುಣಗಳೂ ಹವ್ಯಾಸಗಳೂ ನೆರವಾಗುತ್ತವೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಬೆಳಗಾವಿ ನಗರದಿಂದ ಖಾನಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಒಮ್ಮೆ ಪಯಣಿಸಿದರೆ ಈ ವೃತ್ತಿಯ ನೆಲೆ ನಮಗೆ ಪರಿಚಯವಾಗುತ್ತದೆ. ಮೊದಲು ಸಿಗುವುದು ಉದ್ಯಮಬಾಗ. ಎರಕದ ಮನೆಗಳೂ ಯಂತ್ರಭಾಗಗಳ ಕಾರ್ಖಾನೆಗಳೂ ತುಂಬಿರುವ ಈ ಪ್ರದೇಶದಲ್ಲಿಯೇ 1979ರಲ್ಲಿ ಆರಂಭವಾದ ಗೋಗಟೆ ತಾಂತ್ರಿಕ ವಿದ್ಯಾಲಯವಿದೆ. ಇನ್ನೂ ಮುಂದಕ್ಕೆ ಹೋದರೆ ಮಚ್ಛೆಯ ಬಳಿ ‘ಜ್ಞಾನ ಸಂಗಮ’ವೆಂಬ ಆವರಣವು ಕಾಣುತ್ತದೆ. ಅದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನ. ಅಲ್ಲಿಯವರೆಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದ್ದ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳನ್ನು ಒಂದೇ ಆಡಳಿತದ ಕೆಳಗೆ ತರುವ ಉದ್ದೇಶದಿಂದ ಇದು 1998ರಲ್ಲಿ ಸ್ಥಾಪಿತವಾಯಿತು. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಇದರ ಪ್ರಾದೇಶಿಕ ಕೇಂದ್ರಗಳಿವೆ. ಅದೇ ಹೆದ್ದಾರಿಯಲ್ಲಿ ಸಾಗಿದರೆ, ನಗರದಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಕುಂಬಾರಿಕೆಗೂ ಹೆಂಚಿನ ಕೆಲಸಕ್ಕೂ ಹೆಸರಾದ ಖಾನಾಪುರವು ಸಿಗುತ್ತದೆ. ಅದರಾಚೆಗೆ ಸಹ್ಯಾದ್ರಿಯ ದಟ್ಟ ಕಾಡು. ಹೀಗೆ ಕಾರ್ಖಾನೆ, ವಿದ್ಯಾಲಯ, ಅರಣ್ಯ ಈ ಮೂರನ್ನೂ ಒಂದೇ ರಸ್ತೆಯು ಬೆಸೆದಿದೆ.

ರಾಜ್ಯದ ಉದ್ದಗಲಕ್ಕೂ ಹರಡಿರುವ ಕಾಲೇಜುಗಳ ಪ್ರವೇಶ, ಪರೀಕ್ಷೆ, ಫಲಿತಾಂಶಗಳನ್ನು ಒಂದು ವಿಶ್ವವಿದ್ಯಾಲಯವು ನಿರ್ವಹಿಸಬೇಕಾದರೆ ಇಂದು ಗಣಕಯಂತ್ರವಿಲ್ಲದೆ ಸಾಧ್ಯವಿಲ್ಲ. ಗಣಕಯಂತ್ರವಾದರೋ ತಾನಾಗಿ ನಡೆಯುವ ವಸ್ತುವಲ್ಲ. ಪ್ರಾಧ್ಯಾಪಕರ ಕೋಣೆಯ ಯಂತ್ರವು ಗೋಡೆಯೊಳಗಿನ ತಂತಿಯ ಮೂಲಕ ‘ಸ್ವಿಚ್’ ಎಂಬ ಪೆಟ್ಟಿಗೆಗೂ, ಅಲ್ಲಿಂದ ‘ಸರ್ವರ್’ ಎಂಬ ದೊಡ್ಡ ಗಣಕಕ್ಕೂ ಜೋಡಣೆಗೊಂಡಿರುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ದೂರು ಬರುವುದು ಒಂದೇ ಮಾತಿನಲ್ಲಿ: “ಕಂಪ್ಯೂಟರ್ ಕೆಲಸ ಮಾಡುತ್ತಿಲ್ಲ.” ಕೊಂಡಿ ಎಲ್ಲಿ ಕಳಚಿತೆಂದು ಹುಡುಕುವುದೇ ಗಣಕ ಸಹಾಯಕನ ಮೊದಲ ಕರ್ತವ್ಯ. ಒಳ್ಳೆಯ ವೈದ್ಯನು ಮದ್ದು ಕೊಡುವ ಮುನ್ನ ರೋಗಿಯನ್ನು ಪ್ರಶ್ನಿಸುವಂತೆ ಇವನೂ ತಾಳ್ಮೆಯಿಂದ ಕೇಳುತ್ತಾನೆ. ತೊಂದರೆ ಯಾವಾಗ ಆರಂಭವಾಯಿತು? ಒಂದೇ ಯಂತ್ರದಲ್ಲಿಯೋ, ಪಕ್ಕದ ಕೋಣೆಯಲ್ಲಿಯೂ ಉಂಟೋ? ಅದಕ್ಕೆ ಮುಂಚೆ ಏನನ್ನಾದರೂ ಬದಲಾಯಿಸಲಾಯಿತೇ? ಸರಿಯಾದ ಪ್ರಶ್ನೆ ದೊರೆತರೆ ಅರ್ಧ ಕೆಲಸ ಮುಗಿದಂತೆ.

ಬೆಳಗಾವಿ, ಖಾನಾಪುರಗಳಂತಹ ಮಲೆನಾಡಿನ ಸೆರಗಿನಲ್ಲಿ ಈ ಕೆಲಸಕ್ಕೆ ನಿಸರ್ಗವೂ ಪರೀಕ್ಷೆಯೊಡ್ಡುತ್ತದೆ. ಮುಂಗಾರಿಗೆ ಮುನ್ನ ಗುಡುಗು ಸಿಡಿಲುಗಳ ಮಳೆ. ಬಳಿಕ ತಿಂಗಳುಗಟ್ಟಲೆ ತೇವ. ತಾಮ್ರದ ತಂತಿಯು ಸುದ್ದಿಯನ್ನು ಒಯ್ಯುವಂತೆಯೇ ಸಿಡಿಲಿನ ಆಘಾತವನ್ನೂ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಒಯ್ಯಬಲ್ಲದು. ಅಲ್ಲದೆ ಇಂತಹ ತಂತಿಯ ಒಂದು ತುಂಡು ಸಾಮಾನ್ಯವಾಗಿ 100 ಮೀಟರಿಗಿಂತ ಹೆಚ್ಚು ದೂರಕ್ಕೆ ನಂಬಲರ್ಹವಲ್ಲ. ಆದುದರಿಂದ ಕಟ್ಟಡ ಕಟ್ಟಡಗಳ ನಡುವೆ ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತುವನ್ನು ಹಾಸುತ್ತಾರೆ. ಅದರೊಳಗೆ ಸಂಚರಿಸುವುದು ವಿದ್ಯುತ್ತಲ್ಲ, ಬೆಳಕು. ಗಾಜು ವಿದ್ಯುತ್ತನ್ನು ಒಯ್ಯದ ಕಾರಣ ಸಿಡಿಲಿನ ಭಯವೂ ತಗ್ಗುತ್ತದೆ. ಭೌತವಿಜ್ಞಾನದ ಪಾಠದಲ್ಲಿ ಬರುವ ವಾಹಕ, ಅವಾಹಕಗಳ ಭೇದವು ಇಲ್ಲಿ ಪರೀಕ್ಷೆಯ ಉತ್ತರವಾಗಿ ಉಳಿಯದೆ ನಿತ್ಯದ ಬದುಕಿಗೆ ಇಳಿದು ಬರುತ್ತದೆ.

ಯಂತ್ರ ಕೆಟ್ಟರೆ ಹೊಸದನ್ನು ಕೊಳ್ಳಬಹುದು. ಅದರೊಳಗಿನ ಮಾಹಿತಿ ಅಳಿದರೆ ಕೊಳ್ಳುವುದೆಲ್ಲಿಂದ? ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯು ಈ ಸಂದರ್ಭಕ್ಕೆ ಅಕ್ಷರಶಃ ಸಲ್ಲುತ್ತದೆ. ನಾಲ್ಕು ವರ್ಷ ಓದಿದ ವಿದ್ಯಾರ್ಥಿಯ ಅಂಕಗಳು ಒಂದು ತಟ್ಟೆಯ ದೋಷದಿಂದ ಕ್ಷಣಾರ್ಧದಲ್ಲಿ ಇಲ್ಲವಾಗಬಹುದು. ಬೆಂಕಿ ಬಿದ್ದಾಗ ಬಾವಿ ತೋಡುವುದರಿಂದ ಪ್ರಯೋಜನವಿಲ್ಲ. ಆದುದರಿಂದ ಈ ವೃತ್ತಿಯಲ್ಲಿ ಒಂದು ಸೂತ್ರವನ್ನು ಎಲ್ಲರೂ ಕಲಿಯುತ್ತಾರೆ. ಮುಖ್ಯವಾದ ಮಾಹಿತಿಯ 3 ಪ್ರತಿಗಳಿರಬೇಕು. ಅವು 2 ಬಗೆಯ ಸಾಧನಗಳಲ್ಲಿರಬೇಕು. ಅವುಗಳಲ್ಲಿ 1 ಪ್ರತಿಯಾದರೂ ಬೇರೆ ಊರಿನಲ್ಲಿಯೋ ಬೇರೆ ಕಟ್ಟಡದಲ್ಲಿಯೋ ಇರಬೇಕು. ಪ್ರತಿಯನ್ನು ತೆಗೆದಿಟ್ಟರೆ ಸಾಲದು. ಆಗಾಗ ಅದನ್ನು ತೆರೆದು, ಮಾಹಿತಿಯು ನಿಜವಾಗಿ ಮರಳಿ ಬರುವುದೋ ಎಂದು ಪರೀಕ್ಷಿಸಬೇಕು. ಈ ಪರೀಕ್ಷೆಯನ್ನು ಯಾರೂ ನೋಡುವುದಿಲ್ಲ, ಯಾರೂ ಹೊಗಳುವುದಿಲ್ಲ. ಎಲ್ಲವೂ ಸರಿಯಾಗಿದ್ದಾಗ ಸಹಾಯಕನನ್ನು ನೆನೆಯುವವರಿಲ್ಲ, ಕೆಟ್ಟಾಗ ಹುಡುಕದವರಿಲ್ಲ. ಈ ವೃತ್ತಿಯನ್ನು ಆರಿಸಿಕೊಳ್ಳುವವರು ಇದನ್ನು ಮೊದಲೇ ಅರಿತಿರಬೇಕು.

ಮಾಹಿತಿಯೆಂದರೆ ಅಂಕೆಸಂಖ್ಯೆಗಳಷ್ಟೇ ಅಲ್ಲ, ಹೆಸರೂ ಮಾಹಿತಿಯೇ. ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಒಂದು ಕಾಲದಲ್ಲಿ ಕನ್ನಡಕ್ಕೆಂದು ತಯಾರಾದ ಒಂದೊಂದು ತಂತ್ರಾಂಶವೂ ತನ್ನದೇ ಸಂಖ್ಯೆಗಳನ್ನು ಬಳಸುತ್ತಿತ್ತು. ಒಂದರಲ್ಲಿ ಬರೆದ ಹೆಸರನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳು ಕಾಣುತ್ತಿದ್ದವು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಕ್ರಮವನ್ನು ನೀಡುವ ‘ಯೂನಿಕೋಡ್’ 1991ರಲ್ಲಿ ಪ್ರಕಟವಾದಾಗ ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳು ಮೀಸಲಾದವು. ‘ಕ’ ಅಕ್ಷರದ ಸಂಖ್ಯೆ 3221. ಇನ್ನು ಕನ್ನಡವನ್ನು ಕೀಲಿಮಣೆಯಲ್ಲಿ ಸುಲಭವಾಗಿ ಒತ್ತುವ ವಿನ್ಯಾಸವನ್ನು ರೂಪಿಸಿದವರು ಕೆ. ಪಿ. ರಾವ್ ಅವರು. ಭಾಷೆ, ಲಿಪಿಗಳಲ್ಲಿ ಅವರಿಗಿದ್ದ ಆಳವಾದ ಆಸಕ್ತಿಯೇ ಈ ತಾಂತ್ರಿಕ ಸಾಧನೆಗೆ ಬೇರಾಯಿತು. 2014ರ ನವೆಂಬರ್ 1ರಂದು ‘ಬೆಳಗಾಂ’ ಎಂಬ ಹೆಸರು ಅಧಿಕೃತವಾಗಿ ‘ಬೆಳಗಾವಿ’ ಎಂದಾಯಿತಷ್ಟೆ. ಮನುಷ್ಯನಿಗೆ ಇವೆರಡೂ ಒಂದೇ ಊರು. ಗಣಕಕ್ಕೆ ಎರಡು ಊರುಗಳು. ಹಳೆಯ ದಾಖಲೆಯನ್ನು ಹೊಸದರೊಡನೆ ಹೊಂದಿಸುವಾಗ ಇಂತಹ ಸೂಕ್ಷ್ಮಗಳನ್ನು ಗಮನಿಸುವ ಕಣ್ಣು ಬೇಕು. ಇಲ್ಲವಾದರೆ ಕಣಕುಂಬಿಯ ಯಾವುದೋ ಮನೆಯ ಮಗಳ ಪ್ರಮಾಣಪತ್ರವು ಒಂದಕ್ಷರದ ವ್ಯತ್ಯಾಸಕ್ಕಾಗಿ ಹಿಂದಿರುಗೀತು. ಅವಳ ಉದ್ಯೋಗದ ಸಂದರ್ಶನವೂ ತಪ್ಪೀತು.

ಎಲ್ಲಕ್ಕಿಂತ ಮಿಗಿಲಾಗಿ ಬೇಕಾದ ಗುಣ ಪ್ರಾಮಾಣಿಕತೆ. ಭಂಡಾರದ ಕೀಲಿಕೈ ಇರುವವನಿಗೆ ಬಾಗಿಲು ತೆರೆಯುವುದು ಕಷ್ಟವಲ್ಲ. ಸರ್ವರಿನ ಗುಪ್ತಪದವನ್ನು ಬಲ್ಲವನಿಗೆ ಇತರರ ಪತ್ರಗಳೂ ಅಂಕಪಟ್ಟಿಗಳೂ ಕೈಗೆಟಕುವ ದೂರದಲ್ಲಿರುತ್ತವೆ. ಒಬ್ಬನಿಗೆ ಉತ್ತೀರ್ಣನಾಗಲು ಒಂದೇ ಅಂಕ ಸಾಲದಿದ್ದಾಗ, ಪರಿಚಯದವರೊಬ್ಬರು ಬಂದು ಮೆಲ್ಲನೆ ಕೇಳಿಕೊಂಡಾಗ, ಯಂತ್ರವು ಬೇಡವೆನ್ನುವುದಿಲ್ಲ, ಬೇಡವೆನ್ನಬೇಕಾದವನು ಮನುಷ್ಯ. ಯಾರು, ಯಾವಾಗ, ಏನನ್ನು ತಿದ್ದಿದರೆಂಬುದನ್ನು ತಾನೇ ಬರೆದಿಡುವ ವ್ಯವಸ್ಥೆಗಳೇನೋ ಉಂಟು. ಆದರೆ ಕಾವಲಿನ ಭಯದಿಂದ ಸುಮ್ಮನಿರುವವನಿಗೂ ತನ್ನ ಮನಸ್ಸಿಗೆ ಅಂಜಿ ಸುಮ್ಮನಿರುವವನಿಗೂ ಅಂತರವಿದೆ. ಆ ಒಂದು ಅಂಕವನ್ನು ಓದಿ ಗಳಿಸಿದ ಸಾವಿರಾರು ವಿದ್ಯಾರ್ಥಿಗಳ ಶ್ರಮಕ್ಕೆ ಬೆಲೆ ಉಳಿಯುವುದು ಎರಡನೆಯವನಿಂದ.

ಈ ವೃತ್ತಿಗೆ ಹೋಗುವ ದಾರಿ ಒಂದೇ ಅಲ್ಲ. ಹತ್ತನೆಯ ತರಗತಿಯ ನಂತರ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಒಂದು ವರ್ಷದ ಗಣಕ ನಿರ್ವಹಣೆಯ ಶಿಕ್ಷಣವನ್ನು ಪಡೆಯಬಹುದು. ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮಾ ಓದಬಹುದು. ಪದವಿಪೂರ್ವ ಶಿಕ್ಷಣದ ತರುವಾಯ ಬಿ.ಸಿ.ಎ. ಅಥವಾ ನಾಲ್ಕು ವರ್ಷದ ಎಂಜಿನಿಯರಿಂಗ್ ಪದವಿಗೆ ಸೇರಬಹುದು. ಮೊದಲು ದೊರೆಯುವುದು ಸಾಮಾನ್ಯವಾಗಿ ಪ್ರಯೋಗಶಾಲೆಯ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಅನೇಕರು ಗುತ್ತಿಗೆಯ ನೌಕರರಾಗಿ, ಅಲ್ಪ ಸಂಬಳದಲ್ಲಿ ಆರಂಭಿಸುತ್ತಾರೆಂಬುದನ್ನು ಮರೆಮಾಚಬೇಕಾಗಿಲ್ಲ. ಅನುಭವ ಬೆಳೆದಂತೆ ಜಾಲದ ನಿರ್ವಹಣೆ, ಸರ್ವರಿನ ಆಡಳಿತ, ಮಾಹಿತಿಯ ಸುರಕ್ಷತೆ ಮುಂತಾದ ಹೊಣೆಗಳು ಬರುತ್ತವೆ. ಐದು ವರ್ಷಗಳ ಹಿಂದೆ ಕಲಿತದ್ದು ಇಂದು ಹಳತಾಗುವ ಈ ಕ್ಷೇತ್ರದಲ್ಲಿ ಪದವಿಪತ್ರವು ಬಾಗಿಲನ್ನು ತೆರೆಯುತ್ತದೆಯೇ ಹೊರತು ಒಳಗೆ ಉಳಿಸುವುದಿಲ್ಲ. ಉಳಿಸುವುದು ಕಲಿಯುವ ಹಂಬಲ.

ಇದಕ್ಕೆ ಬೆಳಗಾವಿಯೇ ಒಂದು ನಿದರ್ಶನವನ್ನು ನೀಡಿದೆ. 1962ರಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಜನಿಸಿ ಬೆಳಗಾವಿಯಲ್ಲಿ ಬೆಳೆದ ಅತುಲ್ ಚಿಟ್ನಿಸ್ ಅವರು ಗೋಗಟೆ ತಾಂತ್ರಿಕ ವಿದ್ಯಾಲಯದಲ್ಲಿ ಓದಿದ್ದು ಯಂತ್ರಶಾಸ್ತ್ರವನ್ನು. ಹೆಸರು ಗಳಿಸಿದ್ದು ಗಣಕಕ್ಷೇತ್ರದಲ್ಲಿ. ಭಾರತದ ಜನಸಾಮಾನ್ಯರಿಗೆ ಅಂತರಜಾಲವು ಇನ್ನೂ ದೊರೆಯದಿದ್ದ ಕಾಲದಲ್ಲಿ, ದೂರವಾಣಿಯ ತಂತಿಯ ಮೂಲಕ ಗಣಕಗಳು ಪರಸ್ಪರ ಸಂದೇಶ ಹಂಚಿಕೊಳ್ಳುವ ಒಂದು ವ್ಯವಸ್ಥೆಯನ್ನು ಅವರು ನಡೆಸಿದರು. ಯಾರು ಬೇಕಾದರೂ ಕಲಿತು, ತಿದ್ದಿ, ಹಂಚಿಕೊಳ್ಳಬಹುದಾದ ‘ಲಿನಕ್ಸ್’ ತಂತ್ರಾಂಶವನ್ನು ದೇಶದ ಓದುಗರಿಗೆ ಪರಿಚಯಿಸಲು ಪತ್ರಿಕೆಯ ಮೂಲಕ ಶ್ರಮಿಸಿದರು. 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮುಕ್ತ ತಂತ್ರಾಂಶ ಸಮ್ಮೇಳನದ ಸಂಘಟಕರಲ್ಲಿ ಅವರು ಪ್ರಮುಖರು. ಇಷ್ಟೆಲ್ಲದರ ನಡುವೆ ಸಂಗೀತವು ಅವರ ಪ್ರೀತಿಯ ಹವ್ಯಾಸವಾಗಿತ್ತು. 2013ರ ಜೂನ್ 3ರಂದು ಅವರು ತೀರಿಕೊಂಡರು. ತಮಗೆ ತಿಳಿದುದನ್ನು ಬಚ್ಚಿಡದೆ ಹಂಚಿಕೊಂಡರೆಂಬುದೇ ಅವರ ಬದುಕಿನಿಂದ ನಾವು ಕಲಿಯಬೇಕಾದ ಮುಖ್ಯ ಸಂಗತಿ.

ಹವ್ಯಾಸವೆಂದರೆ ಹೊತ್ತು ಕಳೆಯುವ ಸಾಧನವೆಂದು ಕೆಲವರು ಭಾವಿಸುತ್ತಾರೆ. ಅದು ಮನಸ್ಸನ್ನು ಹದಗೊಳಿಸುವ ಸಾಧನವೂ ಹೌದು. ಖಾನಾಪುರ ತಾಲ್ಲೂಕಿನ ನಿಸರ್ಗದಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಲಪ್ರಭೆಯು ಹುಟ್ಟುವ ಕಣಕುಂಬಿ ಈ ತಾಲ್ಲೂಕಿನಲ್ಲಿದೆ. 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಭೀಮಗಡವೂ ಇಲ್ಲಿಯೇ ಇದೆ. ಅಲ್ಲಿನ ಬಾರಾಪೆಡೆ ಗುಹೆಗಳಲ್ಲಿ ರಾಟನ್ ಎಂಬವರ ಹೆಸರಿನ ಅಪರೂಪದ ಬಾವಲಿ ನೆಲೆಸಿದೆ. 1913ರಲ್ಲಿ ವಿಜ್ಞಾನಿಗಳು ಅದನ್ನು ಮೊದಲು ವರ್ಣಿಸಿದರು. ಬಹುಕಾಲ ಜಗತ್ತಿನಲ್ಲಿ ಇಲ್ಲಿ ಮಾತ್ರ ಇದೆಯೆಂದು ನಂಬಲಾಗಿದ್ದ ಈ ಜೀವಿಯು ಅನಂತರ ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ಕಂಡುಬಂದಿತು. ಕೀಟಗಳನ್ನು ತಿಂದು ಬದುಕುವ ಬಾವಲಿಗಳು ಕತ್ತಲಲ್ಲಿ ಧ್ವನಿಯನ್ನು ಹೊರಡಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಎದುರಿಗಿರುವುದನ್ನು ಅರಿಯುತ್ತವೆ.

ಗಣಕ ಸಹಾಯಕನೂ ದಿನಕ್ಕೆ ಹತ್ತಾರು ಬಾರಿ ಇದನ್ನೇ ಮಾಡುತ್ತಾನೆ! ದೂರದ ಯಂತ್ರವು ಸುಸ್ಥಿತಿಯಲ್ಲಿದೆಯೇ ಎಂದು ತಿಳಿಯಲು ಅವನು ಒಂದು ಪುಟ್ಟ ಸಂದೇಶವನ್ನು ಕಳುಹಿಸಿ ಅದರ ಮಾರ್ದನಿಗಾಗಿ ಕಾಯುತ್ತಾನೆ. ಇದಕ್ಕೆ ‘ಪಿಂಗ್’ ಎಂದು ಹೆಸರು. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರ್ ಯಂತ್ರದ ಧ್ವನಿಯನ್ನು ನೆನೆದು ಅಮೆರಿಕದ ಮೈಕ್ ಮೂಸ್ ಎಂಬವರು 1983ರಲ್ಲಿ ತಾವು ಬರೆದ ಕಿರು ತಂತ್ರಾಂಶಕ್ಕೆ ಈ ಹೆಸರಿಟ್ಟರು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಸುಮಾರು 500 ಕಿಲೋಮೀಟರ್ ದೂರದ ಬೆಂಗಳೂರಿಗೆ ಬೆಳಗಾವಿಯಿಂದ ಹೋದ ಸಂದೇಶವು ಮರಳಿ ಬರಲು ಕಡಿಮೆಯೆಂದರೆ ಸೆಕೆಂಡಿನ 200ನೆಯ ಒಂದು ಪಾಲು ಸಾಕು. ಅದಕ್ಕಿಂತ ಬಹಳ ತಡವಾದರೆ, ಅಥವಾ ಮಾರ್ದನಿಯೇ ಬಾರದಿದ್ದರೆ, ದಾರಿಯಲ್ಲಿ ಎಲ್ಲಿಯೋ ತೊಡಕಿದೆಯೆಂದು ಅರ್ಥ. ಹಕ್ಕಿಯ ಕೂಗಿಗೆ ಕಿವಿಗೊಡುವವನು, ರಾಗದ ಸೂಕ್ಷ್ಮ ಶ್ರುತಿಭೇದವನ್ನು ಗುರುತಿಸುವವನು, ತಿಗರಿಯ ಮೇಲಿನ ಮಣ್ಣಿನ ಹದವನ್ನು ಬೆರಳ ತುದಿಯಲ್ಲಿ ಅರಿಯುವವನು, ಇವರೆಲ್ಲರೂ ಗಳಿಸಿಕೊಳ್ಳುವುದು ಒಂದೇ ಶಕ್ತಿಯನ್ನು. ಅದೇ ಅವಧಾನ, ಎಂದರೆ ಇತರರು ಗಮನಿಸದುದನ್ನು ಗಮನಿಸುವ ಶಕ್ತಿ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಹಗ್ಗ ಹೊಸೆಯುವವರಿದ್ದರು, ಬಟ್ಟೆ ಮಡಿ ಮಾಡುವವರಿದ್ದರು, ದೋಣಿ ನಡೆಸುವವರಿದ್ದರು. ಕೆಲಸದಲ್ಲಿ ಮೇಲು ಕೀಳೆಂಬುದಿಲ್ಲ, ಅದನ್ನು ಮಾಡುವ ರೀತಿಯಲ್ಲಿದೆ ಹಿರಿಮೆ ಎಂದು ಅವರು ಬಾಳಿ ತೋರಿಸಿದರು. ಹಗ್ಗದ ಎಳೆಯ ಸ್ಥಾನದಲ್ಲಿ ಇಂದು ಗಾಜಿನ ಎಳೆ ಬಂದಿರಬಹುದು. ಕಾಯಕದ ಧರ್ಮ ಬದಲಾಗಿಲ್ಲ. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ಯಂತ್ರಗಳನ್ನು ನಿರ್ಮಿಸಬಹುದು, ಕೆಲವರು ಅವುಗಳನ್ನು ಬಳಸಿ ಹೆಸರುವಾಸಿಗಳಾಗಬಹುದು. ಅವು ಕೆಡದಂತೆ ಕಾಯುವ ಕೆಲಸವೂ ಅಷ್ಟೇ ಗೌರವದ್ದೆಂಬುದನ್ನು ಮರೆಯದಿರಿ. ಫಲಿತಾಂಶದ ದಿನ ನಿಮ್ಮ ಹೆಸರೂ ಅಂಕಗಳೂ ತಪ್ಪಿಲ್ಲದೆ ಕಣ್ಣ ಮುಂದೆ ಮೂಡಿದಾಗ, ಅದರ ಹಿಂದೆ ರಾತ್ರಿ ಎಚ್ಚರವಿದ್ದವರು ಯಾರೋ ಇದ್ದಾರೆಂದು ತಿಳಿಯಿರಿ.

ಅಭ್ಯಾಸ

1. ಕಟ್ಟಡಗಳ ನಡುವೆ ತಾಮ್ರದ ತಂತಿಗೆ ಬದಲಾಗಿ ಗಾಜಿನ ತಂತುವನ್ನು ಬಳಸಲು ಕಾರಣಗಳೇನು?
2. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯು ಮಾಹಿತಿಯ ರಕ್ಷಣೆಗೆ ಹೇಗೆ ಸಲ್ಲುತ್ತದೆ? ವಿವರಿಸಿರಿ.
3. ಬಾವಲಿಯ ಪ್ರತಿಧ್ವನಿಗೂ ‘ಪಿಂಗ್’ ಸಂದೇಶಕ್ಕೂ ಇರುವ ಹೋಲಿಕೆಯನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.
4. ನಿಮ್ಮ ಹವ್ಯಾಸವೊಂದು ನಿಮ್ಮಲ್ಲಿ ಯಾವ ಗುಣವನ್ನು ಬೆಳೆಸಿದೆ? ಹತ್ತು ವಾಕ್ಯಗಳಲ್ಲಿ ಬರೆಯಿರಿ.