‘ಬೇಡ’ ಅನ್ನಲು ಗಂಟೆಗೆ ಎಷ್ಟು?

ಒಂದು ಪೇಟೆಂಟ್ ಅರ್ಜಿ ಬರೆದುಕೊಡಲು 7,800 ಯೂರೋ. ಶೇ 23ರ ವ್ಯಾಟ್ ಸೇರಿದರೆ 9,594. ವ್ಯಾಟ್ ಆಮೇಲೆ ವಾಪಸ್ ಬರುತ್ತದೆ ಅನ್ನಿ, ಆದರೆ ಬಿಲ್ ಕೈಗೆ ಬಂದ ದಿನ ಆ ಸಮಾಧಾನ ಯಾವ ಕೆಲಸಕ್ಕೂ ಬರುವುದಿಲ್ಲ. 2023ರ ಬೇಸಿಗೆಯಲ್ಲಿ ನಮ್ಮ ಕಂಪನಿಯಲ್ಲಿದ್ದವರು ಆರು ಜನ. ಬ್ಯಾಂಕಿನಲ್ಲಿದ್ದದ್ದು ನಾಲ್ಕು ತಿಂಗಳ ಸಂಬಳದಷ್ಟು ದುಡ್ಡು. ಅದೇ ಮೇಜಿನ ಮೇಲೆ ಇನ್ನೊಂದು ಕೊಟೇಶನ್ ಇತ್ತು: 2,900 ಯೂರೋ, ಫಿಕ್ಸೆಡ್, ‘ಎಲ್ಲ ಸೇರಿ’. ನಾನು ದುಬಾರಿಯದಕ್ಕೆ ಸಹಿ ಹಾಕಿದೆ. ನನ್ನ ಪಾಲುದಾರ ಟಿಪ್ಪರರಿಯ ರೈತನ ಮಗ, ಹಸು ಕೊಳ್ಳುವಾಗಲೂ ಮೂರು ಸಲ ಎದ್ದು ಹೋಗುವ ಮನೆತನ. ಕೆಲವು ವಾರ ನನ್ನ ಜೊತೆ ಹವಾಮಾನ ಬಿಟ್ಟು ಬೇರೆ ಮಾತಾಡಲಿಲ್ಲ.

ಈಗ ಡಬ್ಲಿನ್ನಿನಲ್ಲಿ ಯುಗಾದಿ ಊಟಕ್ಕೆ ಹೋದರೆ ಹೊಸದಾಗಿ ಕಂಪನಿ ಕಟ್ಟಿದವರು ಯಾರಾದರೂ ಪಕ್ಕಕ್ಕೆ ಬಂದು ಕೂರುತ್ತಾರೆ. ‘ಒಳ್ಳೇ ಪೇಟೆಂಟ್ ಅಟಾರ್ನಿ ಹೆಸರು ಹೇಳಿ ಸಾರ್.’ ಹೆಸರಿಗಿಂತ ಲೆಕ್ಕ ಹೇಳುವುದು ವಾಸಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕಿಲ್ಕೆನ್ನಿ. ಐರ್ಲೆಂಡಿನ ಪೇಟೆಂಟ್ ಕಚೇರಿ ಇರುವುದೂ ಇದೇ ಊರಿನ ಹೆಬ್ರನ್ ರಸ್ತೆಯಲ್ಲಿ. ಇದರಿಂದ ನಮಗೆ ಒಂದು ಸೆಂಟ್ ಲಾಭವಿಲ್ಲ, ಅಟಾರ್ನಿಗಳೆಲ್ಲ ಬಹುಪಾಲು ಡಬ್ಲಿನ್ನಿನಲ್ಲಿದ್ದಾರೆ. ಸುತ್ತ ಹೈನುಗಾರಿಕೆಯ ಸೀಮೆ. ಹಾಸನದ ಕಡೆ ಡೇರಿಗೆ ದಿನಕ್ಕೆ ಎರಡು ಹೊತ್ತು ಹಾಲು ಹಾಕುವುದನ್ನು ನೋಡಿ ಬೆಳೆದವನಿಗೆ, ಇಲ್ಲಿ ಪ್ರತಿ ರೈತನ ಕೊಟ್ಟಿಗೆಯಲ್ಲೂ ಸಾವಿರಾರು ಲೀಟರಿನ ತಣ್ಣನೆ ಟ್ಯಾಂಕ್ ಇರುವುದು, ಟ್ಯಾಂಕರ್ ಎರಡು ಮೂರು ದಿನಕ್ಕೊಮ್ಮೆ ಬರುವುದು ಮೊದಮೊದಲು ಸೋಜಿಗ. ಆ ಟ್ಯಾಂಕಿನ ಕಂಪ್ರೆಸರ್ ರಾತ್ರಿ ಕೈಕೊಟ್ಟರೆ ಬೆಳಗ್ಗೆ ಅಷ್ಟೂ ಹಾಲು ಚರಂಡಿಗೆ. ಹಾಲನ್ನು ಮುಟ್ಟದೆ, ಹೊರಗಿನ ಪೈಪಿಗೆ ಕಚ್ಚಿಸಿ, ಕಂಪನ ಮತ್ತು ಕರೆಂಟಿನ ಏರಿಳಿತದಿಂದಲೇ ಕಂಪ್ರೆಸರ್ ಸೋಲುವ ಮುನ್ಸೂಚನೆ ಹಿಡಿಯುವ ಪುಟ್ಟ ಪೆಟ್ಟಿಗೆ ನಮ್ಮದು. ಸಂಕೇತ ಓದುವ ಭಾಗ ಬರೆದ ಹುಡುಗ ಮೈಸೂರಿನಲ್ಲಿ ಕೂತಿದ್ದಾನೆ.

ಈ ಕೊನೆಯ ಮಾತು ನನಗೆ ದೊಡ್ಡ ವಿಷಯ ಅನ್ನಿಸಿರಲಿಲ್ಲ. ಅಗ್ಗದ ಕೊಟೇಶನ್ನಿನವರು ಒಂದು ವೆಬ್ ಫಾರ್ಮ್ ಕಳಿಸಿದ್ದರು: ಆವಿಷ್ಕಾರದ ಹೆಸರು, ಚಿತ್ರ, ಕಾರ್ಡ್ ನಂಬರ್. ದುಬಾರಿ ಅಟಾರ್ನಿ ನಮ್ಮ ಪ್ರೆಸೆಂಟೇಶನ್ನಿನ ಎರಡನೇ ಸ್ಲೈಡಿನಲ್ಲೇ ಕೈ ಎತ್ತಿ ನಿಲ್ಲಿಸಿದಳು. ‘ಇದನ್ನು ಯೋಚಿಸಿದವರು ಯಾರು, ಯೋಚಿಸಿದಾಗ ಯಾವ ದೇಶದಲ್ಲಿ ನೆಲೆಸಿದ್ದರು?’ ಮೈಸೂರು ಅಂದೆ. ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು. ಭಾರತದ ಪೇಟೆಂಟ್ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಅಲ್ಲಿ ನೆಲೆಸಿದವರು ಹೊರದೇಶದಲ್ಲಿ ಅರ್ಜಿ ಹಾಕುವ ಮುನ್ನ ಅಲ್ಲಿನ ಕಚೇರಿಯ ಲಿಖಿತ ಅನುಮತಿ ಬೇಕು. ಇಲ್ಲವೇ ಮೊದಲು ಭಾರತದಲ್ಲೇ ಅರ್ಜಿ ಹಾಕಿ ಆರು ವಾರ ಕಾಯಬೇಕು. ತಪ್ಪಿದರೆ ಅಲ್ಲಿನ ಪೇಟೆಂಟ್ ಹೋಗುವುದಷ್ಟೇ ಅಲ್ಲ, ಎರಡು ವರ್ಷದವರೆಗಿನ ಸಜೆಯ ಮಾತೂ ಕಾಯ್ದೆಯಲ್ಲಿದೆ. ಐರ್ಲೆಂಡಿನ ಅಟಾರ್ನಿಗೆ ಇದು ಗೊತ್ತಿದೆ; ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಐಟಿ ಕೆಲಸ ಮಾಡಿ ಬಂದ ನನಗೆ ಗೊತ್ತಿರಲಿಲ್ಲ. ಅನುಮತಿಯ ಅರ್ಜಿ ಫಾರ್ಮ್ 25, ಸಾಮಾನ್ಯವಾಗಿ 21 ದಿನದಲ್ಲಿ ಇತ್ಯರ್ಥ. ಆ ಹುಡುಗ ನಮ್ಮ ಸಂಬಳದ ನೌಕರನಲ್ಲ, ಗುತ್ತಿಗೆಯವನು ಎಂದಾಗ ಇನ್ನೊಂದು ಕಾಗದ ಬಂತು: ಹಕ್ಕನ್ನು ಕಂಪನಿಗೆ ಬರೆದುಕೊಡುವ ಅಸೈನ್‌ಮೆಂಟ್. ಅದಿಲ್ಲದಿದ್ದರೆ ನಾವು 7,800 ಯೂರೋ ಕೊಟ್ಟು ಬೇರೆಯವರ ಆಸ್ತಿಗೆ ಬೇಲಿ ಹಾಕಿಸಿದ ಹಾಗಾಗುತ್ತಿತ್ತು.

ನಾವು ಮೂರು ಐಡಿಯಾ ಹೊತ್ತುಕೊಂಡು ಹೋಗಿದ್ದೆವು. ಟ್ಯಾಂಕರ್ ಯಾವ ರೈತನ ಮನೆಗೆ ಯಾವಾಗ ಹೋಗಬೇಕು ಎಂಬ ವೇಳಾಪಟ್ಟಿಯದು ಒಂದು. ಅದು ವ್ಯವಹಾರದ ವಿಧಾನ, ಯುರೋಪಿನ ಪೇಟೆಂಟ್ ಒಪ್ಪಂದದ 52ನೇ ವಿಧಿಯಲ್ಲಿ ಎಡವುತ್ತದೆ, ಬಿಡಿ ಅಂದಳು. ಸಂಕೇತ ಓದುವ ಮಾದರಿಗೆ ತರಬೇತಿ ಕೊಟ್ಟ ರೀತಿಯದು ಎರಡನೆಯದು. ‘ಹೊರಗಿನಿಂದ ನೋಡಿದರೆ ಇದು ಯಾರಿಗೂ ತಿಳಿಯುವುದಿಲ್ಲ. ಪೇಟೆಂಟ್ ಮಾಡಿದರೆ 18 ತಿಂಗಳಿಗೆ ನೀವೇ ಪ್ರಕಟಿಸಿದ ಹಾಗೆ. ಗುಟ್ಟಾಗಿಡಿ.’ ಉಳಿದದ್ದು ಪೈಪಿಗೆ ಕಚ್ಚಿಸಿ ಅಳೆಯುವ ವಿಧಾನ ಒಂದೇ. ಪಾಲುದಾರನಿಗೆ ಕೋಪ ಬಂದದ್ದೇ ಇಲ್ಲಿ. ಮೂರು ಕೊಂಡುಹೋಗಿ ಒಂದಕ್ಕೆ ದುಡ್ಡು ಕೊಡುವುದೇ? ‘ಬೇಡ’ ಅನ್ನಿಸಿಕೊಳ್ಳಲು ಗಂಟೆಗೆ ಇಷ್ಟು ತೆರಬೇಕೇ? ತೆರಬೇಕು ಎಂಬುದೇ ನನ್ನ ಅಭಿಪ್ರಾಯ. ಮೂರನ್ನೂ ಸಂತೋಷದಿಂದ ಬರೆದುಕೊಡುವವರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಸಂಬಳ ಬರುವುದೇ ಅರ್ಜಿಯ ಲೆಕ್ಕದಲ್ಲಿ.

ಈಗ ಆ ಎರಡು ಕೊಟೇಶನ್‌ಗಳನ್ನು ಪಕ್ಕಪಕ್ಕ ಇಡೋಣ. ಕೆಳಗಿನವು ನಾವು 2024ರ ಆಗಸ್ಟಿನಲ್ಲಿ ಮ್ಯೂನಿಕ್ಕಿನ ಯುರೋಪಿಯನ್ ಪೇಟೆಂಟ್ ಕಚೇರಿಗೆ ಹೋದಾಗಿನ ದರ. ಅರ್ಜಿ, ಸರ್ಚ್, ಪರೀಕ್ಷೆ, ಡೆಸಿಗ್ನೇಶನ್, ಕೊನೆಗೆ ಗ್ರಾಂಟ್, ಎಲ್ಲ ಶುಲ್ಕ ಸೇರಿ ಸುಮಾರು 5,300 ಯೂರೋ. ಇದು ಇಬ್ಬರಿಗೂ ಒಂದೇ, ಬಿಡಿ. ವ್ಯತ್ಯಾಸ ಇರುವುದು ಕ್ಲೇಮ್‌ಗಳಲ್ಲಿ, ಅಂದರೆ ಇಷ್ಟು ನಮ್ಮದು ಅಂತ ಹಕ್ಕು ಕೇಳುವ ಅಂಶಗಳಲ್ಲಿ. ಮೊದಲ 15 ಕ್ಲೇಮ್ ಉಚಿತ; 16ರಿಂದ 50ರವರೆಗೆ ತಲಾ 275 ಯೂರೋ. ಅಗ್ಗದವರು ಮಾದರಿಗೆಂದು ತೋರಿಸಿದ ಅರ್ಜಿಯಲ್ಲಿ 31 ಕ್ಲೇಮ್ ಇದ್ದವು. ಹೆಚ್ಚು ಕ್ಲೇಮ್, ಹೆಚ್ಚು ರಕ್ಷಣೆ ಅಂತ ಹೆಮ್ಮೆ ಬೇರೆ. 31ರಲ್ಲಿ 15 ಕಳೆದರೆ 16. 16 ಗುಣಿಸು 275 ಅಂದರೆ 4,400. 2,900ಕ್ಕೆ 4,400 ಸೇರಿಸಿ: 7,300. ನಮ್ಮ ಅಟಾರ್ನಿ 15ರಲ್ಲಿ ನಿಲ್ಲಿಸಿದಳು. ವ್ಯತ್ಯಾಸ ಉಳಿದದ್ದು 500 ಯೂರೋ. ಇನ್ನು ‘ಎಲ್ಲ ಸೇರಿ’ ಎಂಬುದರ ಕೆಳಗೆ ಸಣ್ಣಕ್ಷರದಲ್ಲಿ, ಪರೀಕ್ಷಕರ ಪತ್ರಕ್ಕೆ ಉತ್ತರ ಬರೆಯಲು ತಲಾ 1,100 ಅಂತ ಇತ್ತು. ಉತ್ತರ ಬರೆಯದೆ ಪೇಟೆಂಟ್ ಸಿಕ್ಕವರನ್ನು ನಾನಂತೂ ನೋಡಿಲ್ಲ. ಮೊದಲ ಪತ್ರಕ್ಕೇ ಅಗ್ಗದ್ದು 600 ಯೂರೋ ಮುಂದೆ ಹೋಯಿತು. ನಮ್ಮಾಕೆಯ ಉತ್ತರವೂ ಪುಕ್ಕಟೆಯಲ್ಲ, ಹಾಗಾಗಿ ಆ ಕಾಲಂನಲ್ಲಿ ಇಬ್ಬರಿಗೂ ಸಮ ಅಂತಲೇ ಇಟ್ಟುಕೊಳ್ಳಿ. ಆಗಲೂ ಅಂತರ ಉಳಿಯುವುದು 500. ಪಾಲುದಾರನಿಗೆ ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. ಆತ ಮಡಚಿ ಜೇಬಿಗಿಟ್ಟುಕೊಂಡ, ಏನೂ ಅನ್ನಲಿಲ್ಲ. ಆ ಮನೆತನದಲ್ಲಿ ಅದು ಒಪ್ಪಿಗೆ.

ಇನ್ನೊಂದು ಸಾಲು. 2024ರ ಏಪ್ರಿಲ್‌ನಿಂದ, ಹತ್ತಕ್ಕಿಂತ ಕಡಿಮೆ ಜನರಿರುವ, ವಾರ್ಷಿಕ ವಹಿವಾಟು 20 ಲಕ್ಷ ಯೂರೋ ಮೀರದ ಸಣ್ಣ ಕಂಪನಿಗಳಿಗೆ, ಐದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಅರ್ಜಿ ಹಾಕಿದ್ದರೆ, ಆ ಮುಖ್ಯ ಶುಲ್ಕಗಳಲ್ಲಿ ಶೇ 30 ರಿಯಾಯಿತಿ. ಅಂದರೆ ಸುಮಾರು 1,600 ಯೂರೋ. ಕ್ಲೇಮ್ ಶುಲ್ಕಕ್ಕೆ ಇದು ಅನ್ವಯಿಸುವುದಿಲ್ಲ. ಆಗ ನಾವು ಎಂಟು ಜನ. ಪ್ರತಿ ಶುಲ್ಕ ಕಟ್ಟುವಾಗಲೂ ಅರ್ಹತೆ ಉಳಿದಿದೆಯೇ ಎಂದು ನೋಡಬೇಕು, ಬೆಳೆಯುವ ಕಂಪನಿಗೆ ಇದು ನೆನಪಿರಲಿ. ನಿಮ್ಮ ಅಟಾರ್ನಿ ಈ ರಿಯಾಯಿತಿಯನ್ನು ತಾನಾಗಿ ಹೇಳಿದರೇ, ನೀವು ಕೇಳಿದ ಮೇಲೆ ಹೇಳಿದರೇ? ಗಮನಿಸಿ.

‘ಆರು ತಿಂಗಳಲ್ಲಿ ಗ್ರಾಂಟ್ ಆದ ಪೇಟೆಂಟ್, ಗ್ಯಾರಂಟಿ’ ಅಂತ ಮಾರುವವರ ಬಗ್ಗೆ ನನಗೆ ತಾಳ್ಮೆ ಇಲ್ಲ. ಐರ್ಲೆಂಡಿನಲ್ಲಿ ಅವರು ಮಾರುವುದು ಬಹುತೇಕ ಶಾರ್ಟ್-ಟರ್ಮ್ ಪೇಟೆಂಟನ್ನು. ಹತ್ತು ವರ್ಷದ್ದು, ಐದೇ ಕ್ಲೇಮು, ಅರ್ಜಿ ಶುಲ್ಕ 60 ಯೂರೋ. ಇಪ್ಪತ್ತು ವರ್ಷದ್ದಕ್ಕಾದರೆ 125. ಕೊಡುವ ಮುನ್ನ ಅದು ಹೊಸದೇ ಎಂದು ಯಾರೂ ಹುಡುಕಿ ನೋಡುವುದಿಲ್ಲ. ಯಾರಾದರೂ ನಕಲು ಮಾಡಿದಾಗ ಕೋರ್ಟಿಗೆ ಹೋಗಬೇಕಾದರೆ ಮೊದಲು ಸರ್ಚ್ ಮಾಡಿಸಲೇಬೇಕು. ಅಂದರೆ ಪರೀಕ್ಷೆಯನ್ನು ಜಗಳದ ದಿನಕ್ಕೆ ಮುಂದೂಡಿದ್ದೀರಿ ಅಷ್ಟೆ. ಬೇಗ ಹಳತಾಗುವ ಸಣ್ಣ ಯಂತ್ರಭಾಗಕ್ಕೆ ಇದು ಸರಿಯಿರಬಹುದು. ಗೋಡೆಗೆ ನೇತುಹಾಕಿ ಹೂಡಿಕೆದಾರರಿಗೆ ತೋರಿಸಲು ಕೊಳ್ಳುವುದಾದರೆ ಅದೇ ದುಡ್ಡಿಗೆ ಒಳ್ಳೇ ಫ್ರೇಮಿನಲ್ಲಿ ಮನೆದೇವರ ಫೋಟೊ ಹಾಕಿಸಿ.

ಹುಡುಕಿ ನೋಡದೆ ಕೊಟ್ಟ ಪೇಟೆಂಟಿನ ಗತಿ ಏನೆಂದು ಡಬ್ಲಿನ್ನಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಟ್ರೈಸಿಕಲ್ಲಿಗೆ ಗಾಳಿ ತುಂಬಿದ ಟೈರ್ ಕಟ್ಟಿ 1888ರಲ್ಲಿ ಪೇಟೆಂಟ್ ಪಡೆದ. ಬ್ರಿಟನ್ನಿನ ಕಚೇರಿ ಆಗಿನ್ನೂ ಹೊಸತನವನ್ನು ಪರೀಕ್ಷಿಸುತ್ತಿರಲಿಲ್ಲ. ಅದು ಶುರುವಾದದ್ದು 1905ರಲ್ಲಿ. 1889ರಲ್ಲಿ ಹಾರ್ವಿ ಡು ಕ್ರೋಸ್ ಮುಂದಾಳತ್ವದಲ್ಲಿ ಡಬ್ಲಿನ್ನಿನಲ್ಲಿ ಕಂಪನಿ ಎದ್ದು ನಿಂತಿತು. ಮರುವರ್ಷವೇ ಗೊತ್ತಾಯಿತು: ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು 1840ರ ದಶಕದಲ್ಲೇ ಗಾಳಿ ಟೈರಿಗೆ ಪೇಟೆಂಟ್ ಮಾಡಿಸಿದ್ದ. ಡನ್‌ಲಪ್‌ನದು ಬಿದ್ದುಹೋಯಿತು. ಕಂಪನಿ ಉಳಿದದ್ದು ಡು ಕ್ರೋಸ್‌ನ ಜಾಣ್ಮೆಯಿಂದ. ಟೈರನ್ನು ರಿಮ್ಮಿಗೆ ಕೂರಿಸುವ ವಿಧಾನದ ಮೇಲೆ ವೆಲ್ಚ್ ಮತ್ತು ಬಾರ್ಟ್ಲೆಟ್ ಪಡೆದಿದ್ದ ಪೇಟೆಂಟ್‌ಗಳನ್ನು ಆತ ಕೊಂಡ. ಗಾಳಿ ಯಾರದ್ದಾದರೂ ಆಗಲಿ, ಟೈರ್ ಚಕ್ರದ ಮೇಲೆ ನಿಲ್ಲುವ ಬಗೆ ತಮ್ಮದಾಯಿತು. 1896ರಲ್ಲಿ ಆ ಕಂಪನಿ 30 ಲಕ್ಷ ಪೌಂಡಿಗೆ ಮಾರಾಟವಾಯಿತು. ನಮ್ಮ ಅಟಾರ್ನಿ ‘ಸಂಕೇತ ಓದುವುದನ್ನು ಬಿಡಿ, ಪೈಪಿಗೆ ಕಚ್ಚಿಸುವುದನ್ನು ಬರೆಯೋಣ’ ಅಂದಾಗ ನನಗೆ ಈ ಕಥೆ ಗೊತ್ತಿರಲಿಲ್ಲ. ಆಮೇಲೆ ಓದಿ ನಕ್ಕೆ.

ಸರಿ, ಆರಿಸುವುದು ಹೇಗೆ? ಯುರೋಪಿಯನ್ ಪೇಟೆಂಟ್ ಕಚೇರಿಯ ಪ್ರತಿನಿಧಿಗಳ ಪಟ್ಟಿ ಆನ್‌ಲೈನಿನಲ್ಲಿದೆ. ಅದರಲ್ಲಿ ಹೆಸರಿಲ್ಲದವರ ಜೊತೆ ಮುಂದಿನ ಮಾತು ಬೇಡ. ಅದಕ್ಕಿಂತ ಮುಖ್ಯವಾದದ್ದನ್ನು ಯಾರೂ ಮಾಡುವುದಿಲ್ಲ. ಯುರೋಪಿಯನ್ ಪೇಟೆಂಟ್ ರಿಜಿಸ್ಟರ್ ಪುಕ್ಕಟೆ. ಪ್ರಕಟವಾದ ಯಾವ ಅರ್ಜಿಯ ಕಡತವನ್ನೂ ತೆರೆದು ಪರೀಕ್ಷಕ ಬರೆದ ಆಕ್ಷೇಪ, ಅಟಾರ್ನಿ ಕೊಟ್ಟ ಉತ್ತರ ಎರಡನ್ನೂ ಓದಬಹುದು. ನಮ್ಮ ಕ್ಷೇತ್ರದಲ್ಲಿ ಆಕೆ ನಡೆಸಿದ್ದ ಕೆಲವು ಕಡತ ತೆಗೆದು ಒಂದು ಭಾನುವಾರವಿಡೀ ಓದಿದೆ. ಆಕ್ಷೇಪ ಬಂದಾಗ ಮೂಲ ವಿವರಣೆಯಲ್ಲೇ ಹಿಂದೆ ಸರಿಯಲು ಜಾಗ ಇಟ್ಟುಕೊಂಡಿದ್ದಳು. ಅರ್ಜಿ ಹಾಕಿದ ಮೇಲೆ ಹೊಸ ವಿಷಯ ಒಂದು ಸಾಲೂ ಸೇರಿಸುವಂತಿಲ್ಲ. ಹಾಗಾಗಿ ಮೊದಲ ದಿನ ಏನು ಬರೆದಿದ್ದೀರೋ ಅದೇ ಬಂಡವಾಳ. ಅಗ್ಗದವರ ಕಡತಗಳಲ್ಲಿ ಎರಡನೇ ಪತ್ರಕ್ಕೇ ‘ಅರ್ಜಿ ಹಿಂಪಡೆದಿದೆ ಎಂದು ಭಾವಿಸಲಾಗಿದೆ’ ಎಂಬ ಷರಾ. ಇನ್ನು ದೊಡ್ಡ ಫರ್ಮುಗಳಲ್ಲಿ ಕಾಫಿ ಕೊಟ್ಟು ಮಾತಾಡುವವರು ಪಾರ್ಟ್ನರ್, ಬರೆಯುವವರು ಟ್ರೈನಿ. ಬರೆಯುವವರನ್ನೇ ಕೂರಿಸಿ ಅಂತ ಕೇಳಿ, ನಾಚಿಕೆ ಬೇಡ.

ನಮ್ಮವರ ಒಂದು ಚಾಳಿ ಹೇಳಲೇಬೇಕು. ಅಟಾರ್ನಿ ಹತ್ತಿರ ಹೋಗುವ ಮುಂಚೆ ಲಿಂಕ್ಡ್‌ಇನ್‌ನಲ್ಲಿ ವಿಡಿಯೊ ಹಾಕಿರುತ್ತೇವೆ. ಅಮೆರಿಕದಲ್ಲಿ ಪ್ರಕಟಿಸಿದ ಮೇಲೂ ಒಂದು ವರ್ಷದ ಗ್ರೇಸ್ ಇದೆ. ಯುರೋಪಿನಲ್ಲಿ ನೀವೇ ತೋರಿಸಿದರೂ ಹೊಸತನ ಸತ್ತಿತು. 2023ರ ಸೆಪ್ಟೆಂಬರಿನಲ್ಲಿ ಲೀಶ್ ಕೌಂಟಿಯ ರಥೆನಿಸ್ಕದಲ್ಲಿ ನ್ಯಾಷನಲ್ ಪ್ಲೌಯಿಂಗ್ ಚಾಂಪಿಯನ್‌ಶಿಪ್ಸ್ ಇತ್ತು. ಇಡೀ ದೇಶದ ರೈತರು ನೆರೆಯುವ ಆ ಮೇಳದಲ್ಲಿ ಮಳಿಗೆಗೆ ದುಡ್ಡು ಕಟ್ಟಿಯಾಗಿತ್ತು. ಭಾರತದ ಅನುಮತಿ ಬಂದು, ಕಿಲ್ಕೆನ್ನಿಯಲ್ಲಿ ಮೊದಲ ಅರ್ಜಿ ಬಿದ್ದದ್ದು ಆಗಸ್ಟಿನಲ್ಲಿ. ಅಲ್ಲಿಯವರೆಗೆ ಪೆಟ್ಟಿಗೆಗೆ ಕಪ್ಪು ಟೇಪು. ಮಾಡಿದ ಕೆಲಸವನ್ನು ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಗುತ್ತಿಗೆಯವರ ಕಾಗದಗಳನ್ನು ಮೊದಲ ದಿನವೇ ಸರಿಮಾಡಿ. ಇಷ್ಟಿದ್ದರೆ ಅಟಾರ್ನಿಯ ಗಂಟೆಗಳು ತಾವಾಗಿ ಇಳಿಯುತ್ತವೆ. ನಮ್ಮ ಬಿಲ್ಲಿನಲ್ಲಿ ಯಾರು ಏನು ಯಾವಾಗ ಮಾಡಿದರು ಎಂದು ಬಿಡಿಸಿದ್ದಕ್ಕೇ 900 ಯೂರೋ ಹೋಗಿದೆ. ಅದು ನಾವೇ ಪುಕ್ಕಟೆಯಾಗಿ ಮಾಡಬಹುದಾಗಿದ್ದ ಕೆಲಸ.

ನಾಲೆಜ್ ಡೆವಲಪ್‌ಮೆಂಟ್ ಬಾಕ್ಸ್ ಅಂತ ಆಡಿಟರ್‌ಗಳು ಆಸೆ ತೋರಿಸುತ್ತಾರೆ, ಪೇಟೆಂಟಿನ ಲಾಭದ ಮೇಲೆ ಶೇ 12.5ರ ಬದಲು ಶೇ 10 ತೆರಿಗೆ. ಮೊದಲು ಲಾಭ ಬರಲಿ.

ದೇಶಗಳ ಆಯ್ಕೆಯಲ್ಲಿ ಮಾತ್ರ ಐರ್ಲೆಂಡ್ ತುಸು ವಿಚಿತ್ರ. 2023ರ ಜೂನ್ 1ರಿಂದ ಒಂದೇ ಶುಲ್ಕಕ್ಕೆ ಹಲವು ದೇಶ ಸಿಗುವ ಯೂನಿಟರಿ ಪೇಟೆಂಟ್ ಬಂದಿದೆ, ಆದರೆ ಐರ್ಲೆಂಡ್ ಅದರೊಳಗಿಲ್ಲ. ಅದಕ್ಕೆ ಸಂವಿಧಾನ ತಿದ್ದಲು ಜನಮತಗಣನೆ ಬೇಕು. 2024ರ ಜೂನ್‌ಗೆ ಅಂದುಕೊಂಡಿದ್ದನ್ನು ಸರ್ಕಾರ ಮುಂದೂಡಿತು. ಹಾಗಾಗಿ ಇಲ್ಲಿ ಕೂತ ಕಂಪನಿ ಜರ್ಮನಿ, ಡೆನ್ಮಾರ್ಕ್, ನೆದರ್ಲೆಂಡ್ಸಿಗೆ ಒಟ್ಟಿಗೆ ಒಂದು ಕಟ್ಟಿ, ತನ್ನ ಸ್ವಂತ ಮನೆಗೆ ಬೇರೆ ಕಟ್ಟಬೇಕು. ನ್ಯೂಜಿಲೆಂಡನ್ನು ನಾವು ಪಟ್ಟಿಯಿಂದ ತೆಗೆದೆವು. ಅಲ್ಲಿ ಹಸುಗಳಿವೆ, ಆದರೆ ಅಲ್ಲಿ ಕೇಸು ನಡೆಸುವಷ್ಟು ದುಡ್ಡು ನಮ್ಮಲ್ಲಿ ಯಾವತ್ತೂ ಇರುವುದಿಲ್ಲ.

2025ರ ಫೆಬ್ರುವರಿಯಲ್ಲಿ ಅರ್ಜಿ ಪ್ರಕಟವಾಯಿತು. ಅದಾದ ಮೇಲೆ ಶುರುವಾದದ್ದು ಲಕೋಟೆಗಳು. ಯುರೋಪಿನ ಯಾವುದೋ ‘ರಿಜಿಸ್ಟರ್’ನಿಂದ, ಲಾಂಛನ, ಬಾರ್‌ಕೋಡ್, ನಮ್ಮ ಅರ್ಜಿ ಸಂಖ್ಯೆ ಎಲ್ಲ ಸರಿಯಾಗಿ ಮುದ್ರಿಸಿ, ‘ನೋಂದಣಿ ಶುಲ್ಕ’ 1,800 ಯೂರೋ ಕಟ್ಟಿ ಅಂತ. ಇವು ಪೂರಾ ಮೋಸ. ಪೇಟೆಂಟ್ ಕಚೇರಿಗಳೇ ತಮ್ಮ ಜಾಲತಾಣದಲ್ಲಿ ಎಚ್ಚರಿಕೆ ಹಾಕಿವೆ. ನಮ್ಮ ಲೆಕ್ಕದ ಹುಡುಗಿ ಮೊದಲನೆಯದನ್ನು ಶುಕ್ರವಾರದ ಪಾವತಿ ಪಟ್ಟಿಗೆ ಸೇರಿಸಿಬಿಟ್ಟಿದ್ದಳು, ಪಾಲುದಾರನ ಕಣ್ಣಿಗೆ ಬಿದ್ದು ನಿಂತಿತು. ಈಗ ಪೇಟೆಂಟ್ ಅಂತ ಬಂದ ಯಾವ ಬಿಲ್ಲೂ ಅಟಾರ್ನಿಯ ಕಚೇರಿಯಿಂದ ಬರದಿದ್ದರೆ ಆತ ಅದನ್ನು ಬಿಚ್ಚುವುದೂ ಇಲ್ಲ.